ಪೂವಪ್ಪ ಕೇಳಿಸಿಕೊಂಡ ಮದ್ದು

ವಿಲೆ ಪಾರ್ಲೆ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದು, ತರಕಾರಿ ಮಾರುವವರ ಬುಟ್ಟಿಗಳನ್ನು ದಾಟಿದರೆ ಸಿಗುತ್ತಿದ್ದದ್ದು ಪೂವಪ್ಪನ ಹೋಟೆಲು. ಅಲ್ಲಿಯ ಇಡ್ಲಿಯನ್ನು ಯಾರೂ ಹಳಿದದ್ದಿಲ್ಲ. ಪೂವಪ್ಪನಿಗೆ ಅದೇ ಒಂದು ಸಂಶಯ. ಎದುರಿಗೆ ಏನೂ ಹೇಳುತ್ತಿಲ್ಲ ಎಂದರೆ ಬೆನ್ನ ಹಿಂದೆ ಏನೋ ಹೇಳುತ್ತಿರಬೇಕು ಎಂದು ಅವನ ತರ್ಕ. ಸಾಂಬಾರು ಚೆನ್ನಾಗಿದೆ ಎಂದು ಹೊಗಳಿದ ಗಿರಾಕಿಯನ್ನಂತೂ ಅವನು ಬಾಗಿಲು ದಾಟುವವರೆಗೂ ಕಣ್ಣಲ್ಲೇ ಹಿಂಬಾಲಿಸುತ್ತಿದ್ದ.

ತನ್ನ ನೆರಳನ್ನೂ ನಂಬದವನು ಎನ್ನುತ್ತಾರಲ್ಲ, ಪೂವಪ್ಪ ಅದಕ್ಕಿಂತ ಒಂದು ಕೈ ಮೇಲೆ. ನೆರಳು ತನ್ನ ಹಿಂದೆಯೇ ಯಾಕೆ ಬರುತ್ತಿದೆ ಎಂದು ತಿರುಗಿ ವಿಚಾರಿಸುವ ಪೈಕಿ. ಲೋಕಲ್ ಹತ್ತುವ ಮೊದಲು ಇದು ಸ್ಲೋ ಗಾಡಿಯೇ ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದ, ಕೇಳಿ ಯಾರನ್ನೂ ನಂಬುತ್ತಿರಲಿಲ್ಲ. ಒಮ್ಮೆ ಜ್ವರ ಬಂದಾಗ ಕಂಪೌಂಡರ್ ಥರ್ಮಾಮೀಟರ್ ತೋರಿಸಿದರೆ, "ಇದು ನನ್ನದೇ ಜ್ವರ ಅಂತ ಎಂತ ಗ್ಯಾರಂಟಿ ಮಾರಾಯ್ರೆ? ನನ್ನ ಮುಂಚೆ ಬಂದವನದ್ದು ಅದರಲ್ಲೇ ಉಳಿದಿದ್ದರೆ?" ಎಂದು ಕೇಳಿ ಅವನನ್ನು ಸುಸ್ತು ಮಾಡಿದ್ದ. ನಾನು ಹಗಲು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಸಂಜೆ ಹೋಟೆಲು ಹುಡುಗರ ಕನ್ನಡ ರಾತ್ರಿಶಾಲೆಯಲ್ಲಿ ಮೇಷ್ಟ್ರು. ಮೈಸೂರು ಕಡೆಯವನು. ಪೂವಪ್ಪನೂ ನಾನೂ ವಠಾರದಂಥ ಒಂದೇ ಚಾಳಿನಲ್ಲಿ, ಅವನು ಕೆಳಗೆ, ನಾನು ಮೇಲೆ. ಆ ಮನುಷ್ಯನ ಮೇಲೆ ನನಗೆ ದಿನಕ್ಕೊಮ್ಮೆ ಸಿಟ್ಟು ಬರುತ್ತಿತ್ತು. ಬಿಟ್ಟಿರಲೂ ಆಗುತ್ತಿರಲಿಲ್ಲ, ಯಾಕೆಂದರೆ ಅವನಷ್ಟು ಒಳ್ಳೆಯ ಕಾಫಿಯನ್ನೂ ಅವನಷ್ಟು ಒಳ್ಳೆಯ ಮಾತುಗಾರಿಕೆಯನ್ನೂ ಪಾರ್ಲೆಯಲ್ಲಿ ಬೇರೆ ಯಾರೂ ಕೊಡುತ್ತಿರಲಿಲ್ಲ.

ಅವನ ಸಂಶಯಕ್ಕೆ ಒಂದು ಮೂಲವೂ ಇತ್ತು. ಊರಿನಲ್ಲಿ, ಉಡುಪಿಯ ಕಡಲ ಬದಿಯಲ್ಲಿ, ಅವನಿಗೆ ದೂಜ ಎಂಬ ಅಣ್ಣ ಇದ್ದ. ಆನೆಯಂಥ ಆಳು, ಒಂದು ಮಳೆಗಾಲದಲ್ಲಿ ಕಡ್ಡಿಯಾಗಿ ಸತ್ತುಹೋದ. ಊರೆಲ್ಲ ಒಂದೇ ಮಾತು ಹೇಳಿತು: ಯಾರೋ ಮದ್ದು ಹಾಕಿದ್ದಾರೆ. ಕರಾವಳಿಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗದವರು, ಅಥವಾ ತೀರಾ ಆಗಬೇಕಾದವರು, ಅನ್ನದಲ್ಲೋ ಪಾನಕದಲ್ಲೋ ಏನೋ ಬೆರೆಸಿ ಕೊಡುತ್ತಾರೆ. ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಳಗಿಂದ ತಿನ್ನುತ್ತದೆ, ಇಲ್ಲವೇ ಕೊಟ್ಟವರ ಕಡೆಗೆ ಎಳೆಯುತ್ತದೆ. ಅದನ್ನು ವಾಂತಿ ಮಾಡಿಸಿ ತೆಗೆಸುವವರೂ ಊರಲ್ಲಿ ಇರುತ್ತಾರೆ. ದೂಜನಿಗೆ ಕ್ಷಯ ಇದ್ದಿರಬೇಕು ಎಂದು ನಾನು ಒಮ್ಮೆ ಹೇಳಿದ್ದಕ್ಕೆ ಪೂವಪ್ಪ ಒಂದು ವಾರ ನನ್ನೊಡನೆ ಮಾತು ಬಿಟ್ಟ.

ಅವನ ಪ್ರಾಣ ಇದ್ದದ್ದು ಶೇಖರನಲ್ಲಿ. ತೀರಿಹೋದ ತಂಗಿ ಸೇವಂತಿಯ ಮಗ. ಅವರಲ್ಲಿ ಅಳಿಯಕಟ್ಟು, ಸೋದರಮಾವನ ಆಸ್ತಿಯೂ ಜವಾಬ್ದಾರಿಯೂ ಸೋದರಳಿಯನಿಗೆ. ಹಾಗಾಗಿ ಪೂವಪ್ಪನಿಗೆ ಆ ಹುಡುಗ ಮಗನಿಗಿಂತ ಹೆಚ್ಚು. ಆದರೆ ಸ್ವಭಾವದಲ್ಲಿ ಇಬ್ಬರೂ ಉತ್ತರ ದಕ್ಷಿಣ. ಶೇಖರ ಯಾರು ಕರೆದರೂ ಹೋಗುವವನು, ಯಾರು ಕೊಟ್ಟರೂ ತಿನ್ನುವವನು. ಬಸ್ಸಿನಲ್ಲಿ ಪಕ್ಕದವನು ಮುರಿದುಕೊಟ್ಟ ಅರ್ಧ ಬಾಳೆಹಣ್ಣನ್ನು ತಿಂದು, ಸಿಪ್ಪೆಯನ್ನು ಜೇಬಿನಲ್ಲಿಟ್ಟುಕೊಂಡು ಇಳಿಯುತ್ತಿದ್ದ. ಇದನ್ನು ಕೇಳಿದರೆ ಪೂವಪ್ಪ ಹಣೆ ಹಣೆ ಬಡಿದುಕೊಳ್ಳುತ್ತಿದ್ದ.

ಶೇಖರ ಓಡುತ್ತಿದ್ದ. ಹೋಟೆಲಿನ ಒಲೆ ಹೊತ್ತುವ ಮೊದಲೇ ಎದ್ದು ಜುಹೂ ಮರಳಿನವರೆಗೆ ಓಡಿ, ಮರಳಿನಲ್ಲಿ ಓಡಿ, ಮತ್ತೆ ಓಡಿಯೇ ವಾಪಸು ಬರುತ್ತಿದ್ದ. ಮೊದಲು ಚಾಳಿನವರು ನಕ್ಕರು. ಆಮೇಲೆ ಅವನು ಒಂದೊಂದೇ ಕಪ್ಪು ಗೆದ್ದು ತರಲು ಶುರುಮಾಡಿದಾಗ ನಮ್ಮ ಹುಡುಗ ಎಂದರು. ಐವತ್ತಾರನೆಯ ಇಸವಿಯಲ್ಲಿ ಪರೇಲಿನ ಒಂದು ಬಟ್ಟೆಗಿರಣಿಯವರು ಅವನನ್ನು ತಮ್ಮ ಆಟಗಾರರ ತಂಡಕ್ಕೆ ಕರೆದರು. ಹೆಸರಿಗೆ ಗೋದಾಮಿನಲ್ಲಿ ಕೆಲಸ, ನಿಜವಾದ ಕೆಲಸ ಓಟ. ಹೋಟೆಲಿನ ಹಬೆಯಲ್ಲಿ ಬೇಯುತ್ತಿದ್ದ ಹುಡುಗನಿಗೆ ಅದು ಸ್ವರ್ಗದ ಬಾಗಿಲು. ಮಿಲ್ಲಿನ ಡಾಕ್ಟರು ಒಪ್ಪಿಗೆ ಕೊಟ್ಟರೆ ಆಯಿತು.

ಆ ಡಾಕ್ಟರು ನಾಡಿ ಹಿಡಿದರು, ಗಡಿಯಾರ ನೋಡಿದರು, ಹುಡುಗನ ಮುಖ ನೋಡಿದರು, ಮತ್ತೆ ನಾಡಿ ಹಿಡಿದರು. ಇಷ್ಟು ನಿಧಾನದ ನಾಡಿ ಹಾಸಿಗೆ ಹಿಡಿದ ಮುದುಕರದ್ದು, ಓಟಗಾರನದ್ದಲ್ಲ ಎಂದರು. ಹೃದಯದ ತಜ್ಞರ ಹತ್ತಿರ ಹೋಗಿ ಕಾರ್ಡಿಯೋಗ್ರಾಮ್ ತೆಗೆಸಿಕೊಂಡು, ಎದೆಗೆ ಏನೂ ಆಗಿಲ್ಲ ಎಂದು ಅವರಿಂದ ಬರೆಸಿಕೊಂಡು ಬಾ, ದೀಪಾವಳಿಯವರೆಗೆ ಜಾಗ ಇಟ್ಟಿರುತ್ತೇವೆ ಎಂದು ಕಳಿಸಿಬಿಟ್ಟರು. ಶೇಖರ ಇದನ್ನು ನಗುತ್ತಾ ಹೇಳಿದ. ಪೂವಪ್ಪ ದುಡ್ಡಿನ ಗಲ್ಲೆಯ ಮೇಲೆ ಕೂತಲ್ಲೇ ಬೆವತುಹೋದ.

ಮಾಟುಂಗದಲ್ಲಿ ಡಾಕ್ಟರ್ ಸತ್ಯಮೂರ್ತಿ ಎಂಬವರು ಹೊಸದಾಗಿ ಆ ಯಂತ್ರವನ್ನು ತರಿಸಿದ್ದರು. ಮೈಸೂರಿನವರು. ಪೂವಪ್ಪ ನನ್ನನ್ನೂ ಹೊರಡಿಸಿದ. "ನೀವು ಬನ್ನಿ ಮಾಸ್ಟ್ರೇ. ಅವರೂ ನಿಮ್ಮ ಘಟ್ಟದ ಮೇಲಿನವರಂತೆ. ಅವರು ಇಂಗ್ಲಿಷಿನಲ್ಲಿ ಒಂದು ಹೇಳಿ ಕನ್ನಡದಲ್ಲಿ ಇನ್ನೊಂದು ಹೇಳಿದ್ರೆ ನನಗೆ ಹೇಳಿ." ನನ್ನನ್ನು ಕರೆದದ್ದು ನಂಬಿಕೆಯಿಂದ ಎಂದು ನಾನು ಉಬ್ಬಿದೆ. ದಾದರಿನಲ್ಲಿ ಗಾಡಿ ಬದಲಿಸುವ ಹೊತ್ತಿಗೆ, ಆ ಡಾಕ್ಟರು ನನಗೆ ಮೊದಲೇ ಗೊತ್ತೋ ಎಂದು ಅವನು ಓರೆಗಣ್ಣಿನಿಂದ ಕೇಳಿದ ಮೇಲೆ ಆ ಉಬ್ಬು ಇಳಿಯಿತು.

ಯಂತ್ರ ಎಂದರೆ ಒಂದು ಮರದ ಪೆಟ್ಟಿಗೆ, ಅದರಿಂದ ಹೊರಟ ನಾಲ್ಕಾರು ತಂತಿ. ಶೇಖರನನ್ನು ಮಲಗಿಸಿ ಕೈಕಾಲಿಗೂ ಎದೆಗೂ ಏನೋ ಅಂಟು ಬಳಿದು ತಂತಿ ಹಚ್ಚಿದರು.

"ಇದ್ರಲ್ಲಿ ಕರೆಂಟು ಒಳಗೆ ಹೋಗುದೋ, ಹೊರಗೆ ಬರುದೋ?" ಎಂದು ಪೂವಪ್ಪ ಕೇಳಿದ.

"ಒಳಗೆ ಏನೂ ಹೋಗೋದಿಲ್ಲ ಇವರೇ. ಎದೆಯಲ್ಲೇ ಚೂರು ಕರೆಂಟು ಇರುತ್ತೆ. ಅದು ಹೊರಗೆ ಬಂದು ಈ ಮುಳ್ಳನ್ನ ಕುಣಿಸುತ್ತೆ," ಎಂದರು ಡಾಕ್ಟರು.

"ಹಾಗಾದ್ರೆ ಇದ್ದ ಶಕ್ತಿಯನ್ನು ಇದು ಎಳೀತದೆ," ಎಂದು ಪೂವಪ್ಪ ನನ್ನ ಕಿವಿಯಲ್ಲಿ ಹೇಳಿದ.

ಕಾಗದದ ಪಟ್ಟಿ ಹೊರಗೆ ಬಂತು. ಅದರ ಮೇಲೆ ಏರಿಳಿಯುವ ಗೆರೆ. ಸತ್ಯಮೂರ್ತಿಗಳು ಅದನ್ನು ಮೇಜಿನ ಮೇಲೆ ಹರಡಿ ತುಂಬಾ ಹೊತ್ತು ನೋಡಿದರು. ಅವರ ಹುಬ್ಬು ಗಂಟಾಯಿತು. ನನ್ನನ್ನು ಹತ್ತಿರ ಕರೆದು ತೋರಿಸಿದರು.

"ನೋಡಿ ಮೇಷ್ಟ್ರೇ, ಹೃದಯದ ಮೇಲಿನ ಕೋಣೆ ಬಡಿ ಅಂತ ಹೇಳುತ್ತೆ, ಕೆಳಗಿನ ಕೋಣೆ ಬಡಿಯುತ್ತೆ. ಈ ಚಿಕ್ಕ ಗುಬುಟು ಹೇಳಿದ್ದು, ಈ ದೊಡ್ಡ ಮೊನೆ ಬಡಿದದ್ದು. ನಡುವೆ ಇಷ್ಟು ಅಂತರ ಇರಬಾರದು. ಇಲ್ಲಂತೂ ಹೇಳಿದ್ದು ಕೆಳಗೆ ಮುಟ್ಟಲೇ ಇಲ್ಲ, ಒಂದು ಬಡಿತವೇ ಬಿಟ್ಟುಹೋಗಿದೆ. ರೋಗ ಹಿಡಿದ ಎದೆಯಲ್ಲಿ ಹೀಗಾಗುತ್ತೆ. ಎದೆಗೆ ಅಂತ ಒಂದು ಔಷಧಿ ಇದೆ, ಅದು ಜಾಸ್ತಿ ಬಿದ್ದರೂ ಹೀಗಾಗುತ್ತೆ. ಇನ್ನೊಂದು ಕಾರಣವೂ ಇರಬಹುದು, ಅದನ್ನ ನೋಡೋದಕ್ಕೆ..." ಎಂದವರು, ಪೂವಪ್ಪನನ್ನು ಯಾಕೆ ಬಿಡುವುದು ಎಂದುಕೊಂಡರೋ ಏನೋ, ಅವನ ಕಡೆ ತಿರುಗಿದರು. ದಕ್ಷಿಣ ಕನ್ನಡದ ರೋಗಿಗಳು ಅವರಲ್ಲಿಗೆ ಬಹಳ ಬರುತ್ತಿದ್ದರು. ಅವರ ಮಾತಿನಲ್ಲೇ ಕೇಳಿದರೆ ಹತ್ತಿರವಾಗುತ್ತದೆ ಎಂದು ಒಂದು ಸೌಜನ್ಯ. ಔಷಧಿಗೆ ಅವರು ಮದ್ದು ಎನ್ನುತ್ತಾರೆಂದು ಕಲಿತಿದ್ದರು. ಅಷ್ಟೇ ಕಲಿತಿದ್ದರು.

"ಪೂವಪ್ಪನವರೇ, ಈ ಹುಡುಗನಿಗೆ ಯಾರಾದರೂ ಮದ್ದು ಕೊಟ್ಟಿದ್ದಾರಾ?"

ಪೂವಪ್ಪನ ಮುಖದಲ್ಲಿ ರಕ್ತ ಇಳಿದುಹೋದದ್ದನ್ನು ನಾನು ನೋಡಿದೆ. ಅವನು ಕಾಗದದ ಪಟ್ಟಿಯ ಮೇಲೆ ಬಗ್ಗಿದ. ಆಮೇಲೆ ಮೆಲ್ಲಗೆ ಕೇಳಿದ.

"ಅದು... ಈ ಗೆರೆಯಲ್ಲಿ ಕಾಣ್ತದಾ ಡಾಕ್ಟ್ರೇ?"

"ಕಾಣದೆ ಏನು? ಮದ್ದು ಬಿದ್ದಿದ್ದರೆ ಚೆನ್ನಾಗೇ ಕಾಣುತ್ತೆ. ಅದಕ್ಕೇ ಕೇಳಿದ್ದು."

ಮುಗಿಯಿತು. ಪೂವಪ್ಪ ಎದ್ದ. ಅಂಗಿಯ ಗುಂಡಿಯನ್ನೂ ಹಾಕಲು ಬಿಡದೆ ಶೇಖರನ ರಟ್ಟೆ ಹಿಡಿದ. ಡಾಕ್ಟರು, "ಇರಿ, ಇರಿ, ಇನ್ನೂ ಒಂದು ಪರೀಕ್ಷೆ ಇದೆ," ಎನ್ನುತ್ತಿದ್ದರು. ಪೂವಪ್ಪ ಅಷ್ಟರಲ್ಲಿ ಮೆಟ್ಟಿಲು ಇಳಿದಾಗಿತ್ತು. ನಾನು ಡಾಕ್ಟರಿಗೆ ಕೈ ಮುಗಿದು ಹಿಂದೆ ಓಡಿದೆ.

ರೈಲಿನಲ್ಲಿ ನಾನು ಹೇಳಬಹುದಾದ ಹಾಗೆಲ್ಲ ಹೇಳಿ ನೋಡಿದೆ. ಅವರು ಕೇಳಿದ್ದು ಔಷಧಿಯ ಮಾತು, ಬಾಟಲಿಯಲ್ಲಿ ಬರುವ ಔಷಧಿ, ನಿಮ್ಮ ಊರಿನ ಮದ್ದಲ್ಲ ಎಂದೆ.

"ಮಾಸ್ಟ್ರೇ, ನೀವು ಘಟ್ಟದ ಮೇಲಿನವರು. ನಿಮಗೆ ಇದೆಲ್ಲ ಗೊತ್ತಾಗುದಿಲ್ಲ," ಎಂದ ಪೂವಪ್ಪ. "ಅಷ್ಟು ಓದಿದವರು ಬಾಯಿಬಿಟ್ಟು ಹೇಳಿದ್ರು. ಮಿಷನಿನಲ್ಲೇ ಬಂದಿದೆ."

ಜನ್ಮದಲ್ಲಿ ಯಾವ ಯಂತ್ರವನ್ನೂ ನಂಬದ ಮನುಷ್ಯ ಆ ಒಂದು ಯಂತ್ರವನ್ನು ನಂಬಿದ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಶೇಖರ ಮಾತ್ರ ಕಿಟಕಿಯ ಪಕ್ಕ ಕೂತು, "ಕುಛ್ ನಹೀ ಮಾಮ, ನಂಗೇನೂ ಆಗಿಲ್ಲ," ಎಂದು ಎದುರಿಗೆ ಕೂತವರು ಕೊಟ್ಟ ಕಡಲೆಕಾಯಿ ಸುಲಿಯುತ್ತಿದ್ದ.

ಮದ್ದು ಇದೆ ಎಂದಮೇಲೆ ಹಾಕಿದವರೂ ಬೇಕಲ್ಲ. ಪೂವಪ್ಪನಿಗೆ ದೂರ ಹೋಗಬೇಕಾಗಲಿಲ್ಲ. ನಮ್ಮ ಚಾಳಿನ ಮೂಲೆಯ ಖೋಲಿಯಲ್ಲಿ ವಾರಿಜಾ ಎಂಬ ವಿಧವೆ ಖಾನಾವಳಿ ನಡೆಸುತ್ತಿದ್ದಳು. ಅವಳೂ ಉಡುಪಿ ಕಡೆಯವಳೇ. ನಾನೂ ಸೇರಿ ಚಾಳಿನ ಒಂಟಿ ಗಂಡಸರೆಲ್ಲ ಅವಳಲ್ಲಿ ಊಟ ಮಾಡುತ್ತಿದ್ದೆವು. ಓಡಿ ಬಂದ ಶೇಖರನಿಗೆ ಅವಳು ದಿನವೂ ಕುಚ್ಚಲಕ್ಕಿ ಗಂಜಿ, ಒಣಸಿಗಡಿಯ ಚಟ್ನಿ ಬಡಿಸುತ್ತಿದ್ದಳು. ಅವಳಿಗೆ ವಿನೋದಿನಿ ಎಂಬ ಮಗಳು ಬೇರೆ, ಮದುವೆಯ ವಯಸ್ಸಿಗೆ ಬಂದವಳು. ಇಷ್ಟು ಸಾಕಲ್ಲ! ಮಗಳಿಗೆ ಗಂಡು ಹುಡುಕುವ ತಾಯಿ, ಹೋಟೆಲಿಗೆ ವಾರಸುದಾರನಾದ ಹುಡುಗ, ದಿನವೂ ಅವಳ ಕೈಯ ಗಂಜಿ. ಪೂವಪ್ಪ ಗಲ್ಲೆಯಲ್ಲಿ ಕೂತು ಒಂದಕ್ಕೊಂದು ಜೋಡಿಸಿ ನೇಯ್ದುಬಿಟ್ಟ.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ವಾರಿಜಾ ಎದುರು ನಿಂತು ಉತ್ತರ ಕೊಡುತ್ತಿದ್ದಳು, ಆ ಹೆಂಗಸಿಗೆ ಬಾಯಿ ಇತ್ತು. ಅವನು ಕಾಫಿ ಕುಡಿಯಲು ಬಂದ ಒಬ್ಬೊಬ್ಬರ ಕಡೆಗೂ ಬಗ್ಗಿ, "ನಿಮ್ಮದು ಊಟ ಎಲ್ಲಿ? ಓ, ಅಲ್ಲಿಯಾ? ಜಾಗ್ರತೆ ಅಂತ ಹೇಳಿದೆ, ಅಷ್ಟೇ," ಎಂದ. ಊರವರಿಗೆ ಅಷ್ಟು ಸಾಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಹುಡುಗನ ನಾಡಿ ನಿಧಾನವಾದದ್ದಕ್ಕೆ ವಾರಿಜಾಳ ಒಲೆ ತಣ್ಣಗಾಯಿತು. ಗಣೇಶ ಹಬ್ಬ ಕಳೆಯುವ ಹೊತ್ತಿಗೆ ಅವಳ ಪಂಕ್ತಿಯಲ್ಲಿ ಉಳಿದವರು ನಾನು, ಶೇಖರ, ಮತ್ತು ಕೊರಗ ಎಂಬ ಕಿವಿ ಕೇಳದ ಒಬ್ಬ ಬಡಗಿ. ಕೊರಗನಿಗೆ ಸುದ್ದಿ ಮುಟ್ಟಿರಲಿಲ್ಲ.

"ನಾನು ಎಂತ ಮಾಡಿದೆ ಅಂತ ಹೇಳಿ ಮಾಸ್ಟ್ರೇ," ಎಂದಳು ವಾರಿಜಾ ಒಂದು ದಿನ ಸೌಟು ಹಿಡಿದುಕೊಂಡೇ. "ಓಡಿ ಬಂದ ಮಗುವಿಗೆ ಗಂಜಿ ಕೊಟ್ಟೆ. ಅವನು ಉಳಿದ್ರೂ ನನ್ನ ಹೆಸರು ಹೋಯ್ತು. ಅವನಿಗೆ ಏನಾದ್ರೂ ಆದ್ರೆ ನಾನೂ ನನ್ನ ಮಗಳೂ ಎಲ್ಲಿ ಹೋಗುದು?" ನಾನು ಕೆಳಗೆ ಹೋಗಿ ಪೂವಪ್ಪನ ಜೊತೆ ಜಗಳ ಆಡಿದೆ. ಅವನು ಕೇಳಿಸಿಕೊಂಡು, ನನಗೂ ಅವಳು ಸ್ವಲ್ಪ ಹಾಕಿರಬೇಕು ಎಂಬಂತೆ ನನ್ನ ಕಣ್ಣನ್ನು ಪರೀಕ್ಷಿಸಿದ.

ಶೇಖರನಿಗೂ ಅವಳ ಮನೆಗೆ ಹೋಗಬೇಡ ಎಂದ. ಶೇಖರ ನಕ್ಕು ಹೋದ. ಮದ್ದು ತೆಗೆಸೋಣ ಎಂದ. ಶೇಖರ ಇನ್ನೂ ಜೋರಾಗಿ ನಕ್ಕ. "ಮಾಮ, ಸೀದಾ ಆ ಡಾಕ್ಟರ್ ಹತ್ರ ಹೋಗುವಾ. ಇನ್ನೊಂದು ಟೆಸ್ಟ್ ಉಂಟು ಅಂದ್ರಲ್ಲ. ಮಿಲ್ಲಿನವರು ದಿವಾಲಿ ತನಕವೇ ಕಾಯುದು," ಎಂದ. ಡಾಕ್ಟರು ರೋಗ ಹಿಡಿದು ಕೊಟ್ಟರು, ಇನ್ನು ಅವರ ಕೆಲಸ ಮುಗಿಯಿತು, ಈ ರೋಗಕ್ಕೆ ಅವರಲ್ಲಿ ಔಷಧವಿಲ್ಲ ಎಂದು ಪೂವಪ್ಪನ ನಿಶ್ಚಯ. ಓಡುವಾಗ ಹುಡುಗ ಎಲ್ಲಾದರೂ ಬಿದ್ದು ಸತ್ತರೆ ಎಂಬ ಹೆದರಿಕೆಯಲ್ಲಿ ಅವನು ಸರಿಯಾಗಿ ಉಣ್ಣುವುದನ್ನೂ ಬಿಟ್ಟಿದ್ದ. ಆ ಹೆದರಿಕೆ ಸುಳ್ಳಲ್ಲ. ಅವನನ್ನು ಎಷ್ಟೇ ಬಯ್ದರೂ ಅದನ್ನು ನಾನು ಒಪ್ಪಬೇಕು.

ಘಾಟ್ಕೋಪರಿನ ಗುಡ್ಡದ ಮೇಲೆ ದಾನಪ್ಪ ಎಂಬ ಬಿಜಾಪುರದ ಕಡೆಯ ಮುದುಕ ಬೇರು ನಾರು ಮಾರುತ್ತಿದ್ದ. ಪೂವಪ್ಪ ಅವನನ್ನು ಹುಡುಕಿಕೊಂಡು ಹೋದ. ಇದನ್ನು ಪೂವಪ್ಪನೇ ಆಮೇಲೆ ನನಗೆ ಹೇಳಿದ್ದು. "ತಗೋರಿ ಯಪ್ಪಾ, ಇದನ್ನ ಕುಡಿಸ್ರಿ. ಹೊಟ್ಟ್ಯಾಗ ಏನೈತಿ ಅದೆಲ್ಲಾ ಹೊರಗ ಬರ್ತೈತಿ. ಆದ್ರ ತುಸಾ ಹಾಕ್ರಿ ಮತ್ತ," ಎಂದು ಮುದುಕ ಒಂದು ಪುಡಿ ಕೊಟ್ಟನಂತೆ. ತುಸಾ ಹಾಕಿ ಎಂದದ್ದು ಯಾಕೆ? ಕಡಿಮೆ ಹಾಕಿದರೆ ಗುಣವಾಗದೆ ಮತ್ತೆ ತನ್ನ ಹತ್ತಿರವೇ ಬರಲಿ ಎಂದಿರಬೇಕು! ಪೂವಪ್ಪನ ತಲೆ ಓಡುವುದೇ ಹಾಗೆ. ಪೂರ್ತಿ ಹಾಕಿದ.

ಇಂಥದ್ದು ಎಂದು ಹೇಳಿ ಕೊಟ್ಟರೆ ಶೇಖರ ಕುಡಿಯುವುದಿಲ್ಲ ಎಂದು ಗೊತ್ತಿತ್ತು. ಆದ್ದರಿಂದ ಒಂದು ಭಾನುವಾರ ಮಧ್ಯಾಹ್ನ, ಶುಂಠಿ, ಹಸಿಮೆಣಸು, ಕರಿಬೇವು ಜಜ್ಜಿ ಹಾಕಿದ ಮಜ್ಜಿಗೆಯಲ್ಲಿ ಆ ಪುಡಿಯನ್ನು ಕದಡಿ, ಪೂವಪ್ಪ ತನ್ನ ಕೈಯಾರೆ ಸೋದರಳಿಯನಿಗೆ ಕೊಟ್ಟ. ಬಿಸಿಲಲ್ಲಿ ಓಡಿ ಬಂದಿದ್ದ ಹುಡುಗ ಗಟಗಟನೆ ಕುಡಿದು, "ಮಸ್ತ್ ಉಂಟು ಮಾಮ," ಎಂದ.

ವಾಂತಿ ಶುರುವಾದಾಗ ಪೂವಪ್ಪ ಸಂತೋಷಪಟ್ಟ. ಬೋಸಿಯಲ್ಲಿ ಬಗ್ಗಿ ಹುಡುಕಿ, ಒಂದು ಕರಿಬೇವಿನ ಕಡ್ಡಿಯನ್ನು ಎತ್ತಿ, "ಇದೇ! ಇದೇ ನೋಡಿ!" ಎಂದು ನನ್ನನ್ನು ಕೂಗಿದ. ಅದು ಅವನೇ ಹಾಕಿದ ಮಜ್ಜಿಗೆಯ ಕರಿಬೇವು. ಆದರೆ ವಾಂತಿ ನಿಲ್ಲಲಿಲ್ಲ. ಭೇದಿಯೂ ಹಿಡಿಯಿತು. ಸಂಜೆಯ ಹೊತ್ತಿಗೆ ಶೇಖರನ ಕೈಕಾಲು ಸೆಟೆದುಕೊಂಡವು, ಕಣ್ಣು ಒಳಗೆ ಹೋಯಿತು. ನಾನು ನಾಡಿ ಹಿಡಿದು ನೋಡಿದೆ. ಮೊದಲು ನಿಧಾನವಾಗಿ ಸರಿಯಾಗಿ ಬಡಿಯುತ್ತಿದ್ದ ನಾಡಿ ಈಗ ಎಡವುತ್ತಿತ್ತು, ಓಡುತ್ತಿತ್ತು, ನಿಲ್ಲುತ್ತಿತ್ತು. ನಾನು ಟ್ಯಾಕ್ಸಿ ತರಿಸಿದೆ. ಹೊತ್ತುಕೊಂಡು ಹೋಗಿ ಕೂರಿಸಿದವರಲ್ಲಿ ವಾರಿಜಾಳೂ ಇದ್ದಳು. ಪೂವಪ್ಪ ಅವಳನ್ನು ನೋಡಿದ, ತಡೆಯಲಿಲ್ಲ.

ಸತ್ಯಮೂರ್ತಿಗಳು ತಂತಿ ಹಚ್ಚಿದರು. ಹೊಸ ಪಟ್ಟಿಯನ್ನು ಹಳೆಯದರ ಪಕ್ಕದಲ್ಲಿಟ್ಟರು. ಅವರ ಮುಖ ಕೆಂಪಾಯಿತು.

"ಇದು ಅದಲ್ಲ," ಎಂದರು. "ಅವತ್ತಿನದ್ದು ನಿಧಾನ, ಆದರೆ ಒಂದು ಶಿಸ್ತು ಇತ್ತು. ಇದರಲ್ಲಿ ಶಿಸ್ತೇ ಇಲ್ಲ. ಮೈಯೊಳಗಿನ ಉಪ್ಪೆಲ್ಲ ಬಸಿದುಹೋದರೆ ಗೆರೆ ಹೀಗೆ ಮಲಗುತ್ತೆ, ನಡುನಡುವೆ ಹುಚ್ಚು ಬಡಿತ ಬರುತ್ತೆ. ಇವನಿಗೆ ಏನು ಕೊಟ್ಟಿರಿ? ಯಾರು ಕೊಟ್ಟರು?"

ಹೇಳಬೇಕಾದವನು ಹೇಳಲಿ ಎಂದು ನಾನು ಪೂವಪ್ಪನ ಕಡೆ ತಿರುಗಿದೆ.

"ನಾನು," ಎಂದ ಪೂವಪ್ಪ. "ನಾನೇ. ಮಜ್ಜಿಗೆಯಲ್ಲಿ ಹಾಕಿ ಕೊಟ್ಟೆ. ಅವನಿಗೆ ಗೊತ್ತಿಲ್ಲ." ಆಮೇಲೆ ಅಳುತ್ತಾ ಎಲ್ಲವನ್ನೂ ಹೇಳಿದ. ದೂಜನನ್ನು, ವಾರಿಜಾಳ ಗಂಜಿಯನ್ನು, ನೀವೇ ಮದ್ದು ಅಂದಿರಲ್ಲ ಎಂಬುದನ್ನು, ಘಾಟ್ಕೋಪರಿನ ಪುಡಿಯನ್ನು. ಮಲಗಿದ್ದ ಶೇಖರ ಕಣ್ಣು ತೆರೆದು ಕೇಳುತ್ತಿದ್ದ. ಅವನು ನಗಲಿಲ್ಲ.

ಡಾಕ್ಟರು ಬಯ್ದರು. ಅನುಮಾನಂ ಪೆದ್ದರೋಗಂ, ಅನುಮಾನವೇ ದೊಡ್ಡ ರೋಗ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ ಎಂದು ಬಯ್ದರು. ಬಯ್ಯುತ್ತಲೇ ಕೈಗೆ ಸೂಜಿ ಚುಚ್ಚಿ ಸಲೈನ್ ಹಚ್ಚಿದರು. ವಾಂತಿ ನಿಂತ ಮೇಲೆ ಎಳನೀರು ಕೊಡಿ, ಎಷ್ಟು ಕುಡಿಯುತ್ತಾನೋ ಅಷ್ಟು ಕೊಡಿ ಎಂದರು. ತಮ್ಮ ಪರಿಚಯದ ನರ್ಸಿಂಗ್ ಹೋಮಿನಲ್ಲಿ ಇಟ್ಟುಕೊಂಡರು. ಹುಡುಗ ಉಳಿಯುತ್ತಾನೆ ಎಂದು ಅವರು ಹೇಳುವವರೆಗೆ ಪೂವಪ್ಪ ಅಲ್ಲಿಯ ಬಾಗಿಲಿನ ನೆಲದ ಮೇಲೆ ಕೂತಿದ್ದ. ಬೆಂಚು ಇತ್ತು, ಅದರ ಮೇಲೆ ಕೂರಲಿಲ್ಲ.

ಶೇಖರ ಚೇತರಿಸಿಕೊಂಡು, ಮತ್ತೆ ಸ್ವಲ್ಪ ಸ್ವಲ್ಪ ಓಡಲು ತೊಡಗಿದ ಮೇಲೆ ಸತ್ಯಮೂರ್ತಿಗಳು ನಮ್ಮನ್ನು ಕರೆಸಿದರು. ಮಲಗಿಸಿ ಗೆರೆ ತೆಗೆದರು. ಮೊದಲಿನದ್ದೇ ಗೆರೆ: ಅದೇ ನಿಧಾನ, ಅದೇ ಉದ್ದ ಅಂತರ, ಅದೇ ಬಿಟ್ಟುಹೋದ ಬಡಿತ. ಡಾಕ್ಟರು ಶೇಖರನಿಗೆ, "ಹೋಗಪ್ಪ, ಕೆಳಗಿಂದ ಮಹಡಿಯವರೆಗೆ ಓಡಿ ಬಾ. ಇಳಿದು ಮತ್ತೆ ಓಡು. ನಾನು ಸಾಕು ಅನ್ನೋವರೆಗೂ ಓಡು," ಎಂದರು. ಬಿಲ್ಡಿಂಗಿನ ಮೆಟ್ಟಿಲು ದಡದಡ ಸದ್ದಾಯಿತು. ಬೆವರಿ ಬಂದವನನ್ನು ಹಾಗೇ ಮಲಗಿಸಿ ತಂತಿ ಹಚ್ಚಿದರು. ಬಂದ ಪಟ್ಟಿಯಲ್ಲಿ ಮೊನೆಗಳು ಒತ್ತಾಗಿ ನಿಂತಿದ್ದವು. ಗುಬುಟಿಗೂ ಮೊನೆಗೂ ನಡುವಿನ ಅಂತರ ಕುಗ್ಗಿತ್ತು, ಒಂದು ಬಡಿತವೂ ಬಿಟ್ಟಿರಲಿಲ್ಲ.

"ಇದೇ ಆ ಇನ್ನೊಂದು ಪರೀಕ್ಷೆ," ಎಂದರು ಡಾಕ್ಟರು. "ಅವತ್ತು ನೀವು ಐದು ನಿಮಿಷ ಕೂತಿದ್ದರೆ ಅವತ್ತೇ ಮಾಡ್ತಿದ್ದೆ. ರೋಗದ ಎದೆ ಆಗಿದ್ದರೆ ಓಡಿಸಿದಾಗ ಕೆಡಬೇಕಿತ್ತು. ಇದು ಓಡಿದಾಗ ಸರಿಹೋಗುತ್ತೆ. ಒಂದೇ ಬಡಿತಕ್ಕೆ ಬೇಕಾದಷ್ಟು ರಕ್ತ ತಳ್ಳುತ್ತೆ, ಸುಮ್ಮನಿರುವಾಗ ಅವಸರ ಪಡೋದಿಲ್ಲ, ಅಷ್ಟೇ."

"ಹಾಗಾದ್ರೆ ನಿಮಗೂ ಮೊದಲು ಯಾಕೆ ಸಂಶಯ ಬಂತು?" ಎಂದು ನಾನು ಕೇಳಿದೆ. ನನಗೂ ಅವರ ಮೇಲೆ ಸ್ವಲ್ಪ ಸಿಟ್ಟಿತ್ತು.

ಅವರು ಸಿಟ್ಟಾಗಲಿಲ್ಲ. "ನಮ್ಮ ಪುಸ್ತಕಗಳೆಲ್ಲ ಹಾಸಿಗೆ ಹಿಡಿದವರ ಎದೆಗೆ ತಂತಿ ಹಚ್ಚಿ ಬರೆದವು ಮೇಷ್ಟ್ರೇ. ಆರೋಗ್ಯವಾಗಿ ಮರಳಲ್ಲಿ ಓಡೋ ಹುಡುಗ ಯಾಕೆ ಆಸ್ಪತ್ರೆಗೆ ಬರ್ತಾನೆ? ಅವರ ಗೆರೆ ಹೇಗಿರುತ್ತೆ ಅಂತ ನಾವು ನೋಡಿರೋದೇ ಕಡಿಮೆ. ನೋಡದೇ ಇರೋದನ್ನ ಕಂಡರೆ ರೋಗ ಅನ್ನಿಸುತ್ತೆ. ಸಂಶಯ ಬರಲಿ, ತಪ್ಪಿಲ್ಲ. ಬಂದ ಮೇಲೆ ಪರೀಕ್ಷೆ ಮಾಡಬೇಕು," ಎಂದರು. ಎದೆಗೆ ಏನೂ ಆಗಿಲ್ಲ ಎಂದು ಬರೆದೂ ಕೊಟ್ಟರು. ಮಿಲ್ಲಿನ ಡಾಕ್ಟರು ಅದನ್ನು ಓದಿ, ತಮ್ಮ ಮಿಲ್ಲಿನ ಮೆಟ್ಟಿಲನ್ನೂ ಒಮ್ಮೆ ಹತ್ತಿಸಿ ನೋಡಿ, ಶೇಖರನನ್ನು ಸೇರಿಸಿಕೊಂಡರು.

ಪೂವಪ್ಪ ವಾರಿಜಾಳ ಬಾಗಿಲಿಗೆ ಹೋದ. ನಾನು ಒಳಗೆ ಊಟಕ್ಕೆ ಕೂತಿದ್ದೆ. ಅವನು ತಪ್ಪಾಯಿತು ಎಂದ. ಅವಳು ಸೌಟು ಕೆಳಗಿಡದೆ ಕೇಳಿಸಿಕೊಂಡಳು.

"ನನ್ನ ಹತ್ರ ಎಂತಕ್ಕೆ ಹೇಳುದು? ನಾನು ಮದ್ದು ಹಾಕಿಲ್ಲ ಅಂತ ನನಗೆ ಮೊದಲೇ ಗೊತ್ತುಂಟು. ಯಾರ್ಯಾರ ಕಿವಿಯಲ್ಲಿ ಹೇಳಿದ್ರೋ ಅವರ ಹತ್ರ ಹೋಗಿ ಹೇಳಿ."

ಅವನು ಹೋದ. ಅದನ್ನು ಮೆಚ್ಚಬೇಕು. ಚಾಳಿನ ಒಂದೊಂದೇ ಖೋಲಿಯ ಬಾಗಿಲು ತಟ್ಟಿ, ಮದ್ದು ಹಾಕಿದ್ದು ಅವಳಲ್ಲ, ನಾನು ಎಂದು ಹೇಳಿ ಬಂದ. ಕೆಲವರು ಮತ್ತೆ ಊಟಕ್ಕೆ ಹೋದರು. ಕೆಲವರು, ಪೂವಪ್ಪನೇ ಹೀಗೆ ಹೇಳಬೇಕಾದರೆ ಅವನಿಗೇ ಅವಳು ಏನೋ ಹಾಕಿರಬೇಕು ಎಂದು ಹೋಗಲಿಲ್ಲ. ಹೊತ್ತಿಸಿದ ಬೆಂಕಿಯನ್ನು ಬೇಕೆಂದಾಗ ಆರಿಸಲು ಬರುವುದಿಲ್ಲ. ವಾರಿಜಾ ಮುಂದಿನ ವರ್ಷ ಕಾಂದಿವಲಿಗೆ ಮನೆ ಬದಲಿಸಿದಳು.

ದೀಪಾವಳಿಯ ಹಿಂದಿನ ದಿನ ಶೇಖರ ಪರೇಲಿನ ಮಿಲ್ಲಿನ ಖೋಲಿಗೆ ಹೊರಟ. ಟ್ರಂಕು ಹಿಡಿದು ಹೇಳಿಹೋಗಲು ಹೋಟೆಲಿಗೆ ಬಂದ. ಪೂವಪ್ಪ ಗಲ್ಲೆ ಬಿಟ್ಟು ಎದ್ದು, ಅಡುಗೆಯವನನ್ನು ಬದಿಗೆ ಸರಿಸಿ, ತಾನೇ ಏಲಕ್ಕಿ ಜಜ್ಜಿ ಚಹಾ ಮಾಡಿದ. ಗ್ಲಾಸನ್ನು ತನ್ನ ಪಂಚೆಯ ತುದಿಯಿಂದ ಒರೆಸಿ, ತುಂಬಿಸಿ, ಅಳಿಯನ ಮುಂದಿಟ್ಟ. ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಶೇಖರ ಗ್ಲಾಸು ಹಿಡಿದುಕೊಂಡ. ಕುಡಿಯಲಿಲ್ಲ. ಚಹಾವನ್ನು ನೋಡಿದ, ಮಾವನನ್ನು ನೋಡಿದ. ಆ ಹುಡುಗನ ಕಣ್ಣಲ್ಲಿ ಕೋಪ ಇರಲಿಲ್ಲ, ನಾಚಿಕೆ ಇತ್ತು.

"ಮಾಮ, ಬುರಾ ಮತ್ ಮಾನ್ನಾ, ಬೇಜಾರು ಮಾಡ್ಬೇಡಿ. ಮೊದ್ಲು ನೀವು ಒಂದು ಗುಟುಕು ಕುಡೀರಿ."

ಪೂವಪ್ಪ ಗ್ಲಾಸು ತೆಗೆದುಕೊಂಡು ಒಂದು ಗುಟುಕು ಕುಡಿದ. ಬಾಯಿ ಸುಟ್ಟಿರಬೇಕು, ತೋರಿಸಲಿಲ್ಲ. ಸಾಲದೇನೋ ಎಂದು ಇನ್ನೊಂದು ಗುಟುಕು ಕುಡಿದು ವಾಪಸು ಕೊಟ್ಟ. ಶೇಖರ ಉಳಿದದ್ದನ್ನು ಕುಡಿದು, ಮಾವನ ಕಾಲು ಮುಟ್ಟಿ, ಟ್ರಂಕು ಎತ್ತಿಕೊಂಡು ಸ್ಟೇಷನ್ನಿನ ಕಡೆ ನಡೆದ.

ಹುಡುಗ, ಮರೆಯುತ್ತಾನೆ ಬಿಡಿ ಎಂದು ಏನೋ ಸಮಾಧಾನ ಹೇಳಲು ಹೋದೆ. ಪೂವಪ್ಪ ಖಾಲಿ ಗ್ಲಾಸನ್ನು ಕೈಯಲ್ಲಿ ಹಿಡಿದು ನಿಂತಿದ್ದ.

"ಅವ ಕೇಳಿದ್ದು ಸರಿ ಮಾಸ್ಟ್ರೇ. ಅವನ ಜಾಗದಲ್ಲಿ ನಾನಿದ್ರೂ ಕೇಳ್ತಿದ್ದೆ," ಎಂದ. ಗ್ಲಾಸನ್ನು ಗಲ್ಲೆಯ ಮೇಲಿಟ್ಟು ಹೇಳಿದ. "ಆದ್ರೆ ಅವನಿಗೆ ಈ ಬುದ್ಧಿ ಇರ್ಲಿಲ್ಲ. ಇದು ನಾನು ಕೊಟ್ಟದ್ದು."